ಒಲೆಯೊಳಗೆ ಕಾಲಿಟ್ಟ ದೆವ್ವ

ನಮ್ಮ ಕಡೆ ಸಿನಿಮಾ ದೆವ್ವಗಳು ತೆಲುಗು ಮಾತಾಡುತ್ತಿದ್ದವು. ಮನೆಮಂದಿಯ ಮೈಮೇಲೆ ಬರುವ ದೆವ್ವಗಳು ಕನ್ನಡದಲ್ಲಿ ಅಳುತ್ತಿದ್ದವು. ಊರ ಹೊರಗಿನ ಹುಣಸೆ ತೋಪಿನದು ಯಾವ ಭಾಷೆಯ ಗೊಡವೆಯೂ ಇಲ್ಲದೆ ಗೆಜ್ಜೆ ಸದ್ದು ಮಾಡಿಕೊಂಡು ಓಡಾಡುತ್ತಿತ್ತು. ಸಿನಿಮಾ ಟೆಂಟಿನ ಪರದೆಯ ಮೇಲೆ ಬಿಳಿ ಸೀರೆ ಉಟ್ಟು, ಕೂದಲು ಬಿಟ್ಟುಕೊಂಡು ಬರುವಾಕೆ ಮಾತ್ರ ಅಚ್ಚ ತೆಲುಗಿನವಳು. ಇದಕ್ಕೆ ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲವೂ ಬಳ್ಳಾರಿ ಜಿಲ್ಲೆಯ ಜೊತೆಗೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದವು. ಮೈಸೂರಿಗೆ ಸೇರಿ ಕಾಲು ಶತಮಾನ ಕಳೆದರೂ ತೆಲುಗು ಸಿನಿಮಾದ ಡಬ್ಬಿಗಳು ಬಸ್ಸಿನ ಟಾಪ್ ಮೇಲೆ ಕೂತು ನಮ್ಮೂರುಗಳಿಗೆ ಬರುವುದನ್ನು ಬಿಟ್ಟಿರಲಿಲ್ಲ. ಹಿರಿಯರಿಗೆ ತೆಲುಗು ಬರುತ್ತಿತ್ತು, ಹುಡುಗರಿಗೆ ಅರ್ಧಂಬರ್ಧ. ದೆವ್ವ ನಗುವಾಗ ಅಷ್ಟೂ ಬೇಕಾಗುತ್ತಿರಲಿಲ್ಲ.

ತಮಾಷೆಯೆಂದರೆ ಆ ತೆಲುಗು ದೆವ್ವಗಳನ್ನು ಹುಟ್ಟಿಸಿದ ಪುಣ್ಯಾತ್ಮ ಕನ್ನಡ ನಾಡಿನವನು. ಉಡುಪಿ ಸಮೀಪದ ಉದ್ಯಾವರದ ಬಿ. ವಿಠಲಾಚಾರ್ಯ. ಹುಡುಗನಾಗಿದ್ದಾಗಲೇ ಅರಸೀಕೆರೆಗೆ ಬಂದು ಹೋಟೆಲು ನಡೆಸಿ, ಆಮೇಲೆ ಗೆಳೆಯರ ಜೊತೆ ಹಾಸನ ಜಿಲ್ಲೆಯಲ್ಲಿ ಟೂರಿಂಗ್ ಟಾಕೀಸ್ ಹಾಕಿದವರು. ಕನ್ನಡ ಚಿತ್ರಗಳಿಂದ ಶುರುಮಾಡಿ ಮದ್ರಾಸಿಗೆ ಹೋಗಿ, ತೆಲುಗಿನಲ್ಲಿ ‘ಜಾನಪದ ಬ್ರಹ್ಮ’ ಅನ್ನಿಸಿಕೊಂಡರು. ಕಾಲ್‌ಶೀಟ್ ಕೊಡದೆ ಸತಾಯಿಸುವ ನಾಯಕನಟನನ್ನು ಋಷಿಯೊಬ್ಬನ ಶಾಪದಿಂದ ಗಿಳಿಯನ್ನೋ ಕರಡಿಯನ್ನೋ ಮಾಡಿ, ಅವನಿಲ್ಲದೆಯೇ ಶೂಟಿಂಗ್ ಮುಗಿಸುತ್ತಿದ್ದರು ಅನ್ನುವ ಕತೆ ಇವತ್ತಿಗೂ ಚಾಲ್ತಿಯಲ್ಲಿದೆ. ನಿಜವೋ ಸುಳ್ಳೋ, ಅವರ ಸಿನಿಮಾ ನೋಡಿದವರು ನಂಬುತ್ತಾರೆ. ನನಗೆ ಅನ್ನಿಸುವುದು ಇಷ್ಟು: ನೆಲದ ಮೇಲೆ ಕೂತ ಜನ ಯಾವಾಗ ಕಿರುಚುತ್ತಾರೆ, ಯಾವಾಗ ಬೀಡಿ ಹಚ್ಚಲು ಎದ್ದು ಹೋಗುತ್ತಾರೆ ಎಂಬುದನ್ನು ಟೆಂಟ್ ನಡೆಸಿದವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆ ಲೆಕ್ಕ ಇಟ್ಟುಕೊಂಡೇ ಆ ಮನುಷ್ಯ ದೆವ್ವಗಳನ್ನು ಎಬ್ಬಿಸುತ್ತಿದ್ದ.

ಅವರ ‘ಜಗನ್ಮೋಹಿನಿ’ ಬಂದದ್ದು 1978ರಲ್ಲಿ. ನರಸಿಂಹರಾಜು ನಾಯಕ, ಜಯಮಾಲಿನಿ ದೆವ್ವ. ನಮ್ಮ ಹಳ್ಳಿಗೆ ಹತ್ತಿರದ ಟೆಂಟಿಗೆ ಅದು ಬರುವ ಹೊತ್ತಿಗೆ ಪ್ರಿಂಟು ಮಳೆ ಸುರಿದಂತೆ ಗೀರು ಬಿದ್ದಿತ್ತು. ಬೆಳಿಗ್ಗೆ ಎತ್ತಿನ ಗಾಡಿಗೆ ಎರಡೂ ಕಡೆ ಪೋಸ್ಟರ್ ಕಟ್ಟಿ, ಮೈಕಿನಲ್ಲಿ ಕೂಗುತ್ತ ಬಂದಿದ್ದರು. ‘ಗರ್ಭಿಣಿಯರು, ಹೃದಯ ದುರ್ಬಲರು ದಯವಿಟ್ಟು ಬರಬಾರದು’ ಎಂದು ಕೂಗಿದ್ದೇ ತಡ, ಊರಿಗೆ ಊರೇ ಹೊರಟಿತು. ಹೃದಯ ದುರ್ಬಲ ಎಂದು ಒಪ್ಪಿಕೊಂಡು ಮನೆಯಲ್ಲಿ ಕೂರುವ ಗಂಡಸು ನಮ್ಮ ಸೀಮೆಯಲ್ಲಿ ಯಾರಿದ್ದಾನೆ?

ಟೆಂಟಿನೊಳಗೆ ಗಂಡಸರ ನೆಲಕ್ಕೂ ಹೆಂಗಸರ ನೆಲಕ್ಕೂ ನಡುವೆ ಮೊಣಕಾಲೆತ್ತರದ ಮಣ್ಣಿನ ಗೋಡೆ. ಹಿಂದೆ ಬೆಂಚು, ಅದರ ಹಿಂದೆ ಊರ ದೊಡ್ಡವರಿಗೆಂದು ನಾಲ್ಕಾರು ಮಡಚುವ ಕುರ್ಚಿ. ನಾವು ಮರಳು ಗುಡ್ಡೆ ಮಾಡಿ ಅದರ ಮೇಲೆ ಕೂರುತ್ತಿದ್ದೆವು, ಹಿಂದಿನವನು ಬೈದು ಅದನ್ನು ಕಾಲಲ್ಲಿ ಒದೆಯುತ್ತಿದ್ದ. ಇದ್ದದ್ದು ಒಂದೇ ಮಷೀನು. ಆದ್ದರಿಂದ ರೀಲು ಬದಲಿಸುವಾಗೆಲ್ಲ ದೀಪ ಹತ್ತುತ್ತಿತ್ತು, ದೆವ್ವ ಮರದಿಂದ ಇಳಿಯುವುದರೊಳಗೆ ಮಂಡಕ್ಕಿ ಮಿರ್ಚಿಯವನು ಬಂದುಬಿಡುತ್ತಿದ್ದ. ಈ ಅಡ್ಡಿಯಿಂದ ಹೆದರಿಕೆ ಕಡಿಮೆಯಾಗುತ್ತಿತ್ತು ಎಂದು ಈಗಿನವರು ತಿಳಿಯಬಹುದು. ಇಲ್ಲ. ಅರ್ಧ ಇಳಿದ ದೆವ್ವವನ್ನು ಕಣ್ಣಲ್ಲಿಟ್ಟುಕೊಂಡು ಐದು ನಿಮಿಷ ಮಂಡಕ್ಕಿ ತಿನ್ನುವ ಕಷ್ಟ ತಿಂದವರಿಗೇ ಗೊತ್ತು.

ಆ ಸಿನಿಮಾದ ಒಂದು ದೃಶ್ಯವನ್ನು ನಮ್ಮ ತಲೆಮಾರಿನ ಯಾರನ್ನು ಕೇಳಿದರೂ ಹೇಳುತ್ತಾರೆ. ಸೊಸೆಯಾಗಿ ಮನೆ ಹೊಕ್ಕ ದೆವ್ವ ಅಡುಗೆಗೆ ಕೂರುತ್ತದೆ. ಒಲೆಗೆ ಕಟ್ಟಿಗೆ ಇಲ್ಲ. ತನ್ನ ಕಾಲನ್ನೇ ಒಲೆಯೊಳಗೆ ಚಾಚಿ ಉರಿ ಹಚ್ಚುತ್ತದೆ. ನಮ್ಮ ಕಡೆಯ ನೆಲ ಉಸಿರು ಬಿಗಿಹಿಡಿದು ಕೂತಿತ್ತು. ನನ್ನ ಪಕ್ಕದ ಹುಡುಗ ಅಂಗಿಯನ್ನು ತಲೆಯ ಮೇಲೆ ಎಳೆದುಕೊಂಡು ಗುಂಡಿಯ ಸಂದಿಯಿಂದ ನೋಡುತ್ತಿದ್ದ. ಆಗ ಗೋಡೆಯ ಆಚೆಯಿಂದ ಒಂದು ನಗು ಎದ್ದಿತು. ಒಬ್ಬರಲ್ಲ, ಹೆಂಗಸರ ನೆಲಕ್ಕೆ ನೆಲವೇ ನಗುತ್ತಿತ್ತು. ಅದರ ಮೇಲೆ ನಮ್ಮ ದೊಡ್ಡವ್ವನ ದನಿ: ‘ಬೇಷಾತು ಬಿಡವಾ, ಕಟಿಗಿಗೆ ಹೋಗಾದು ತಪ್ಪಿತು ಆಕಿಗೆ!’

ನಮ್ಮದು ಮಳೆ ಕಡಿಮೆಯ ಸೀಮೆ. ಬಳ್ಳಾರಿ ಜಾಲಿಯ ಮುಳ್ಳು ಕಂಟಿ ಕಡಿದು, ಹೊರೆ ಕಟ್ಟಿ, ಬಿಸಿಲಲ್ಲಿ ಮೈಲಿಗಟ್ಟಲೆ ಹೊತ್ತು ತರುವ ಹೆಂಗಸರಿಗೆ ಆ ದೃಶ್ಯ ಹೆದರಿಕೆಯದಾಗಿ ಕಾಣಲಿಲ್ಲ, ಒಳ್ಳೆಯ ಏರ್ಪಾಡಿನಂತೆ ಕಂಡಿತು. ಗಂಡಸರು ಕಿರುಚಿದಲ್ಲಿ ಹೆಂಗಸರು ನಗುತ್ತಾರೆ, ಗಂಡಸರು ಸಿಳ್ಳೆ ಹಾಕಿದಲ್ಲಿ ಅವರು ಸುಮ್ಮನಾಗುತ್ತಾರೆ ಎಂಬುದನ್ನು ನಾನು ಅವತ್ತಿನಿಂದ ಗಮನಿಸತೊಡಗಿದೆ. ದೆವ್ವದ ಸಿನಿಮಾ ಅಂದರೆ ನನಗೆ ಪರದೆಗಿಂತ ಹೆಚ್ಚಾಗಿ ಆ ಮೊಣಕಾಲೆತ್ತರದ ಗೋಡೆಯೇ ನೆನಪಾಗುತ್ತದೆ.

ಸಿನಿಮಾ ಮುಗಿದ ಮರುದಿನ ಟೆಂಟಿನ ಹಿಂದೆ ನಮ್ಮ ಗಣಿಗಾರಿಕೆ. ಉರಿದುಳಿದ ಕಾರ್ಬನ್ ಕಡ್ಡಿಯ ತುಂಡುಗಳು, ಹರಿದು ಅಂಟಿಸುವಾಗ ಕತ್ತರಿಸಿ ಎಸೆದ ಫಿಲಂ ಚೂರುಗಳು. ಒಂದು ಸಲ ನಮಗೆ ನಾಲ್ಕು ಚಿತ್ರಗಳಿದ್ದ ಚೂರು ಸಿಕ್ಕಿತು. ಬಿಸಿಲಿಗೆ ಹಿಡಿದರೆ ಬಿಳಿ ಸೀರೆಯ ಹೆಂಗಸು, ಅರ್ಧ ತಿರುಗಿದ ಮುಖ. ನಾಲ್ಕರಲ್ಲೂ ಅದೇ ಭಂಗಿ. ಬಹಳ ಹೊತ್ತು ನೋಡಿದರೆ ನಾಲ್ಕನೆಯದರಲ್ಲಿ ಕಣ್ಣು ಒಂದಿಷ್ಟು ನಮ್ಮ ಕಡೆ ಹೊರಳಿದ ಹಾಗೆ ಕಾಣುತ್ತಿತ್ತು. ಸುಟ್ಟುಹೋದ ಬಲ್ಬಿನ ತಳ ಒಡೆದು ನೀರು ತುಂಬಿ, ಕನ್ನಡಿಯಿಂದ ಬಿಸಿಲು ಬಿಟ್ಟು, ದನದ ಕೊಟ್ಟಿಗೆಯ ಗೋಡೆಯ ಮೇಲೆ ಆಕೆಯನ್ನು ಮೂಡಿಸಿದೆವು. ತಲೆಕೆಳಗಾಗಿ ಬಂದಳು. ಹಗಲಲ್ಲಿ ಎಲ್ಲರಿಗೂ ಆ ಚೂರು ಬೇಕು. ಹೊತ್ತು ಮುಳುಗಿದ ಮೇಲೆ ಯಾರ ಮನೆಗೂ ಬೇಡ. ಕೊನೆಗೆ ಸಮಾಜ ಪುಸ್ತಕದೊಳಗಿಟ್ಟು, ಆ ಪುಸ್ತಕವನ್ನು ಹನುಮಪ್ಪನ ಗುಡಿ ಕಟ್ಟೆಯ ಸಂದಿಯಲ್ಲಿ ಬಚ್ಚಿಟ್ಟು ಮನೆಗೆ ಹೋಗುತ್ತಿದ್ದೆವು. ದೆವ್ವಕ್ಕೆ ಹನುಮಪ್ಪನ ಕಾವಲು.

ಟೆಂಟಿನಿಂದ ಊರಿಗೆ ನಡೆದು ಬರುವುದು ಸಿನಿಮಾದ ಎರಡನೆಯ ಭಾಗ. ಕೂಡ್ಲಿಗಿ, ಗುಡೇಕೋಟೆ ಕಡೆಯ ನೆಂಟರು ಆ ದಾರಿಯ ನಮ್ಮ ಹೆದರಿಕೆ ನೋಡಿ ನಗುತ್ತಿದ್ದರು. ಅವರ ಗುಡ್ಡಗಳಲ್ಲಿ ನಿಜವಾದ ಕರಡಿಗಳಿದ್ದವು. ಈಗ ಗುಡೇಕೋಟೆ ಕರಡಿಧಾಮವೇ ಆಗಿದೆ. ‘ದೆವ್ವ ಬಂದ್ರ ತಾಯತ ಐತಿ, ಕರಡಿ ಬಂದ್ರ ಏನೈತಿ?’ ಅನ್ನುವುದು ಅವರ ವಾದ. ನಮಗೆ ಕರಡಿ ಇರಲಿಲ್ಲ, ಹುಣಸೆ ತೋಪಿತ್ತು. ಇರುಳಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ಮೂರನೆಯ ಸಲದವರೆಗೆ ‘ಓ’ ಅನ್ನಬಾರದು, ದೆವ್ವ ಒಂದೇ ಸಲ ಕರೆಯುತ್ತದೆ ಎಂದು ಅಜ್ಜಿಯರು ಕಲಿಸಿದ್ದರು. ನಮ್ಮ ಗುಂಪಿಗೆ ಹೆಸರುಗಳಿಂದಲೇ ಇನ್ನೊಂದು ದೊಡ್ಡ ರಕ್ಷಣೆ. ಕೊಟ್ಟೂರು ಬಸವೇಶ್ವರನ ಸೀಮೆ, ಹೀಗಾಗಿ ಮನೆಗೊಬ್ಬ ಕೊಟ್ರೇಶಿ. ನಮ್ಮ ಗುಂಪಿನಲ್ಲೇ ಮೂವರು. ದೆವ್ವ ‘ಕೊಟ್ರಾ’ ಎಂದು ಕೂಗಿದರೆ ಯಾವ ಕೊಟ್ರ ಎಂದು ಅದೇ ಮೊದಲು ತೀರ್ಮಾನಿಸಿಕೊಳ್ಳಬೇಕು. ಉಜ್ಜಿನಿ ಕಡೆಗೆ ಹೋದರೆ ಮರುಳಸಿದ್ದಪ್ಪಗಳು, ಹಡಗಲಿ ಕಡೆ ಮೈಲಾರಪ್ಪಗಳು, ಅಲ್ಲೂ ಅದೇ ಗೋಳು. ನಮ್ಮ ಸೀಮೆಯ ದೆವ್ವಗಳಷ್ಟು ವಿಳಾಸದ ಕಷ್ಟ ಪಟ್ಟ ದೆವ್ವಗಳು ಬೇರೆಲ್ಲೂ ಇರಲಾರವು.

ಹಡಗಲಿಯಲ್ಲಿ ಸೋದರತ್ತೆಯ ಮನೆ. ಮಲ್ಲಿಗೆ ಹೂವಿನ ಊರು. ಮೊಗ್ಗು ಬಿಡಿಸಿ, ಕಟ್ಟಿ, ಬುಟ್ಟಿ ತುಂಬಿ ಕಳಿಸುವ ಕೆಲಸ ಮುಗಿದ ಮೇಲೆ ಅತ್ತೆ ನಮ್ಮನ್ನು ಸಿನಿಮಾಕ್ಕೆ ಕರೆದೊಯ್ಯುತ್ತಿದ್ದಳು. ದೆವ್ವಕ್ಕೆ ಮಲ್ಲಿಗೆ ಅಂದರೆ ಪ್ರಾಣ ಎಂದು ಸಿನಿಮಾದವರು ಕಲಿಸಿದ ಮೇಲೂ ಆ ಊರ ಹೆಂಗಸರು ಮುಡಿ ತುಂಬ ಮಲ್ಲಿಗೆ ಮುಡಿದು ರಾತ್ರಿ ಆಟಕ್ಕೆ ಹೋಗುತ್ತಿದ್ದರು. ಅಲ್ಲಿನ ಟೆಂಟಿನಲ್ಲಿ ನಡೆದದ್ದೊಂದು ಹೇಳಲೇಬೇಕು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಮೈಲಾರದ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದು ಕೂಗಿದೊಡನೆ ಲಕ್ಷಗಟ್ಟಲೆ ಜನ ಗಪ್ಪಾಗುತ್ತಾರಲ್ಲ, ಆಮೇಲೆ ಕಾರಣಿಕದ, ಅಂದರೆ ವರ್ಷದ ಭವಿಷ್ಯದ, ಒಂದು ಮಾತು. ಆ ಜಾತ್ರೆಯಾದ ಹೊಸತರಲ್ಲಿ ದೆವ್ವದ ಸಿನಿಮಾ. ಪಾಳುಬಂಗಲೆಯ ಬಾಗಿಲು ಕಿರ್ರೆಂದು ತೆರೆಯುತ್ತಿದೆ, ಟೆಂಟಿನಲ್ಲಿ ಪಿಸುಮಾತು, ಕೂಸುಗಳ ಅಳು. ಯಾವನೋ ಎದ್ದು ನಿಂತು ‘ಸದ್ದಲೇ!’ ಅಂದ. ಕೂಸೂ ಸಹ ಬಾಯಿ ಮುಚ್ಚಿತು. ಬಾಗಿಲು ಪೂರ್ತಿ ತೆರೆಯಿತು, ಒಳಗಿನಿಂದ ಬೆಕ್ಕು ಬಂತು. ಆ ವರ್ಷದ ಕಾರಣಿಕ ಬೆಕ್ಕು ಅಂತಲೇ ಆಯಿತು.

ಇಷ್ಟೆಲ್ಲ ನಗುವಿನ ನಡುವೆ ನಿಜವಾದ ದೆವ್ವದ ಮಾತು ಮನೆಯಲ್ಲಿ ಬಂದರೆ ಯಾರೂ ನಗುತ್ತಿರಲಿಲ್ಲ. ‘ಗಾಳಿ ಆಗೈತಿ’ ಅನ್ನುತ್ತಿದ್ದರು, ದನಿ ತಗ್ಗಿಸಿ. ನಮ್ಮ ಓಣಿಯಲ್ಲೇ ಹೊಸದಾಗಿ ಮದುವೆಯಾಗಿ ಬಂದ ಸೊಸೆಯೊಬ್ಬಳಿಗೆ ಹಾಗಾಯಿತು. ಊಟ ಬಿಟ್ಟಳು, ಮಾತು ಬಿಟ್ಟಳು, ಒಂದು ದಿನ ಕೂದಲು ಬಿಚ್ಚಿ ಗಂಡನನ್ನು ಏಕವಚನದಲ್ಲಿ ಬೈದಳು. ಅಮಾವಾಸ್ಯೆಗೆ ಉಕ್ಕಡಗಾತ್ರಿಗೆ ಕರೆದೊಯ್ದರು. ಹರಿಹರ ತಾಲ್ಲೂಕಿನ ಹೊಳೆದಂಡೆಯ ಆ ಊರು, ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ, ನಮ್ಮ ಸೀಮೆಯ ದೆವ್ವಗಳಿಗೆಲ್ಲ ಕೊನೆಯ ಕೋರ್ಟು. ದೊಡ್ಡವ್ವನ ಸೆರಗು ಹಿಡಿದು ನಾನೂ ಹೋಗಿದ್ದೆ. ತುಂಗಭದ್ರೆಯಲ್ಲಿ ಮುಳುಗು ಹಾಕಿಸಿ ಒದ್ದೆ ಬಟ್ಟೆಯಲ್ಲಿ ಕೂರಿಸಿದ ಹೆಂಗಸರು ತಲೆ ಗಿರ್ರನೆ ಆಡಿಸುತ್ತಿದ್ದರು. ‘ಯಾರು ನೀನು, ಯಾಕ ಬಂದಿ’ ಎಂದು ಕೇಳಿದರೆ ಉತ್ತರ ಬರುತ್ತಿತ್ತು. ಆ ಉತ್ತರಗಳಲ್ಲಿ ಭಯಂಕರವಾದದ್ದು ಏನೂ ಇರಲಿಲ್ಲ. ಅತ್ತೆ ಉಣ್ಣಾಕ ಹಾಕಲಿಲ್ಲ. ತವರಿಗೆ ಕಳಿಸಲಿಲ್ಲ. ಕೂಸು ಸತ್ತಾಗ ಅಳಗೊಡಲಿಲ್ಲ. ಸತ್ತವಳೊಬ್ಬಳ ಹೆಸರಿನಲ್ಲಿ ಬದುಕಿರುವವಳು ಹೇಳಿಕೊಳ್ಳುತ್ತಿದ್ದಳು, ಗಂಡನ ಮನೆಯವರು ಕೈಮುಗಿದು ಕೇಳುತ್ತಿದ್ದರು. ಬೇರೆ ದಿನ ಅದೇ ಮಾತಾಡಿದ್ದರೆ ಕಪಾಳಕ್ಕೆ ಬೀಳುತ್ತಿತ್ತು.

ಹೆಂಗಸರ ನೆಲ ಯಾಕೆ ಸುಮ್ಮನಾಗುತ್ತಿತ್ತು ಎಂಬುದು ನನಗೆ ತಿಳಿದದ್ದು ಅಲ್ಲಿ ಅನ್ನಿಸುತ್ತದೆ, ತಡವಾಗಿ. ಪರದೆಯ ದೆವ್ವ ತನ್ನ ಹಿಂದಿನ ಕತೆ ಹೇಳಲು ತೊಡಗಿದಾಗ, ಅಂದರೆ ಮೋಸ ಹೋದದ್ದು, ಬಾವಿಗೆ ಬಿದ್ದದ್ದು, ಗೋಡೆಯೊಳಗೆ ಹೂತದ್ದು ಹೊರಬಂದಾಗ, ಗಂಡಸರಿಗೆ ಬೇಸರ. ಬೀಡಿ ಹಚ್ಚಲು ಹೊರಗೆ. ಹೆಂಗಸರು ಮಾತ್ರ ಮಂಡಕ್ಕಿ ಕೂಡ ಅಗಿಯುತ್ತಿರಲಿಲ್ಲ.

1979ರ ‘ನಾ ನಿನ್ನ ಬಿಡಲಾರೆ’ ಬಂದಾಗ ದೆವ್ವ ಕೊನೆಗೂ ಕನ್ನಡ ಮಾತಾಡಿತು. ‘ಗಂಧದ ಗುಡಿ’ ಮಾಡಿದ ವಿಜಯ್ ಅವರದೇ ನಿರ್ದೇಶನ. ಅನಂತನಾಗ್ ಮೈಮೇಲೆ ಹೆಣ್ಣು ದೆವ್ವ! ಲಕ್ಷ್ಮಿ ಹೆಂಡತಿ. ಅಷ್ಟು ಚೆಲುವ ಗಂಡಸಿನ ಬಾಯಲ್ಲಿ ಆ ನಗು ಬಂದಾಗ ನಮ್ಮ ನೆಲದಲ್ಲಿ ಒಬ್ಬ ಎದ್ದು ಓಡಿಯೇಹೋದ, ಚಪ್ಪಲಿ ಬಿಟ್ಟು. ಮಂತ್ರಾಲಯದ ರಾಯರಿಂದಲೇ ದೆವ್ವ ಬಿಡುತ್ತದೆ. ಅದು ನಮಗೆ ಸಿನಿಮಾದ ಸುಳ್ಳು ಅನ್ನಿಸಲೇ ಇಲ್ಲ. ಉಕ್ಕಡಗಾತ್ರಿ, ಕುರುವತ್ತಿ, ಮೈಲಾರ ಹಾದು, ಅಣೆಕಟ್ಟು ದಾಟಿ ಹೋಗುವ ಅದೇ ತುಂಗಭದ್ರೆಯ ದಂಡೆಯಲ್ಲಿ ಮಂತ್ರಾಲಯವೂ ಇದೆ. ಮೇಲಿನ ಕೋರ್ಟಿನಲ್ಲಿ ಆಗದ್ದು ಕೆಳಗಿನದರಲ್ಲಿ ಆಯಿತು, ಅಷ್ಟೆ. ಎರಡು ವರ್ಷಕ್ಕೆ ಅದು ಹಿಂದಿಯಲ್ಲಿ ‘ಮಂಗಳಸೂತ್ರ’ ಆಯಿತು, ಅಲ್ಲೂ ಅನಂತನಾಗ್, ಜೊತೆಗೆ ರೇಖಾ. ನಮ್ಮ ದೆವ್ವ ಬೊಂಬಾಯಿಗೆ ಹೋಯಿತು ಎಂದು ಊರಲ್ಲಿ ಹೆಮ್ಮೆ.

ಹರಪನಹಳ್ಳಿಯ ಹಾಸ್ಟೆಲಿಗೆ ಸೇರಿದ ಮೇಲೆ ಹೆದರಿಕೆಯ ಮಾಲು ಬದಲಾಯಿತು. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ದ ಕನ್ನಡ ಪುಸ್ತಕ, ಹೊದಿಕೆ ಕಿತ್ತುಹೋದದ್ದು, ಕೋಣೆಯಿಂದ ಕೋಣೆಗೆ ದಾಟುತ್ತಿತ್ತು. ಮತ್ತೆ ತೆಲುಗಿನಿಂದಲೇ ಬಂದ ದೆವ್ವ, ನೋಡಿ. 1985ರಲ್ಲಿ ಅದು ಕನ್ನಡ ಸಿನಿಮಾ ಆಯಿತು, ವೇಮಗಲ್ ಜಗನ್ನಾಥರಾವ್ ನಿರ್ದೇಶನ. ಗೊಂಬೆ, ಸೂಜಿ, ನಿಂಬೆಹಣ್ಣು. ಹಾಸ್ಟೆಲಿನ ಮೆಟ್ಟಿಲ ಮೇಲೆ ಒಂದು ಬೆಳಿಗ್ಗೆ ಕುಂಕುಮ ಹಚ್ಚಿದ ನಿಂಬೆಹಣ್ಣು ಕಂಡು ಅರ್ಧ ಹಾಸ್ಟೆಲು ಊರಿಗೆ ಹೋಯಿತು. ಇಟ್ಟವನು ಪರೀಕ್ಷೆ ಮುಂದೆ ಹೋಗಲಿ ಎಂದು ಇಟ್ಟಿದ್ದನಂತೆ. ಪರೀಕ್ಷೆ ಹೋಗಲಿಲ್ಲ.

ಗಣಪತಿ ಹಬ್ಬಕ್ಕೆ ಬಾಡಿಗೆಯ ಟಿವಿ, ವಿಸಿಪಿ ಬರತೊಡಗಿದವು. ಪೆಂಡಾಲಿನಲ್ಲಿ ಮೊದಲು ರಾಜಕುಮಾರ್ ಚಿತ್ರ, ನಡುರಾತ್ರಿ ಹಿರಿಯರು ಎದ್ದುಹೋದ ಮೇಲೆ ರಾಮ್ಸೆ ಸೋದರರ ‘ಪುರಾನಾ ಮಂದಿರ್’, ಅದೂ ಸಾಲದಿದ್ದರೆ ‘ಈವಿಲ್ ಡೆಡ್’. ಗಣಪತಿ ಅಷ್ಟನ್ನೂ ನೋಡುತ್ತ ಕೂತಿರುತ್ತಿದ್ದ. ಇಂಥ ಸಿನಿಮಾವನ್ನು ಖಾಲಿ ಟಾಕೀಸಿನಲ್ಲಿ ಒಬ್ಬನೇ ಕೂತು ನೋಡಿದವರಿಗೆ ಸಾವಿರಾರು ರೂಪಾಯಿ ಬಹುಮಾನ, ನೋಡಲು ಹೋದವನು ಬೆಳಿಗ್ಗೆ ಕುರ್ಚಿಯಲ್ಲೇ ಸತ್ತಿದ್ದ ಎಂಬ ಸುದ್ದಿ ಪ್ರತಿ ಊರಲ್ಲೂ ಇತ್ತು. ಕೊಟ್ಟೂರಿನವರು ಹರಪನಹಳ್ಳಿಯಲ್ಲಿ ಅಂತ, ಹರಪನಹಳ್ಳಿಯವರು ದಾವಣಗೆರೆಯಲ್ಲಿ ಅಂತ ಹೇಳುತ್ತಿದ್ದರು. ಬಹಳ ವರ್ಷಗಳ ಮೇಲೆ, 2008ರಲ್ಲಿ, ನಮ್ಮ ಸುದೀಪ್ ನಟಿಸಿದ ಹಿಂದಿಯ ‘ಫೂಂಕ್’ಗೆ ರಾಮಗೋಪಾಲ ವರ್ಮ ನಿಜವಾಗಿಯೂ ಅಂಥದ್ದೇ ಐದು ಲಕ್ಷದ ಪಂದ್ಯ ಕಟ್ಟಿದಾಗ, ಈ ಮನುಷ್ಯ ನಮ್ಮ ಹಾಸ್ಟೆಲಿನಲ್ಲಿದ್ದನೇನೋ ಅನ್ನಿಸಿತು. ಆ ಸಿನಿಮಾ ನೋಡುವಾಗ ‘ತುಳಸಿದಳ’ವೂ ನೆನಪಾಗದಿರಲಿಲ್ಲ.

ತೊಂಬತ್ತರ ದಶಕದಲ್ಲಿ, ರಾತ್ರಿ ಬರುವ ದೆವ್ವ ಓದಿಕೊಂಡು ಹಿಂತಿರುಗಲಿ ಎಂದು, ಬಾಗಿಲುಗಳ ಮೇಲೆ ಸುಣ್ಣದಲ್ಲೋ ಸೀಮೆಸುಣ್ಣದಲ್ಲೋ ‘ನಾಳೆ ಬಾ’ ಎಂದು ಬರೆಯುವ ಹುಚ್ಚು ಹಬ್ಬಿತು. ಸಾಲ ವಸೂಲಿಗೆ ಬಂದವರೂ ಅದನ್ನು ಓದಿಕೊಂಡು ಹೋಗಬೇಕಾಗಿತ್ತು. ಅದೇ ಎಳೆಯಿಂದ 2018ರಲ್ಲಿ ಹಿಂದಿಯ ‘ಸ್ತ್ರೀ’ ಬಂತು. ಉಪೇಂದ್ರರ ‘ಶ್!’ (1993) ಹೊತ್ತಿಗೆ ಟೆಂಟುಗಳು ಮಡಚಿಕೊಳ್ಳುತ್ತಿದ್ದವು. ಆ ಸಿನಿಮಾವನ್ನು ಪಕ್ಕಾ ಟಾಕೀಸಿನಲ್ಲಿ ನೋಡಿದೆ. ಬುದ್ಧಿವಂತ ಸಿನಿಮಾ. ಆದರೆ ಕುರ್ಚಿಗಳೆಲ್ಲ ಒಂದೇ ಕಡೆ ಮುಖ ಮಾಡಿ ಅಂಟಿಕೊಂಡಿದ್ದವು, ಗೋಡೆ ಇರಲಿಲ್ಲ, ಆಚೆ ಕಡೆಯ ನಗು ಬರಲಿಲ್ಲ. ಅರ್ಧ ರುಚಿ ಹೋದಂತಾಯಿತು.

2004ರ ‘ಆಪ್ತಮಿತ್ರ’ಕ್ಕೆ ದೊಡ್ಡವ್ವನನ್ನು ಹಗರಿಬೊಮ್ಮನಹಳ್ಳಿಗೆ ನಾನೇ ಕರೆದೊಯ್ದೆ. ತಂಗಿಯನ್ನು ಅಲ್ಲಿಗೆ ಕೊಟ್ಟಿದ್ದೆವು. ದೊಡ್ಡವ್ವನಿಗೆ ಆಗ ಕಣ್ಣು ಮಂಜು, ಕಿವಿ ಚುರುಕು. ಅದರ ನಾಯಕಿ ಸೌಂದರ್ಯ ಏಪ್ರಿಲ್‌ನಲ್ಲಿ ವಿಮಾನ ಬಿದ್ದು ತೀರಿಕೊಂಡಿದ್ದರು, ಸಿನಿಮಾ ಬಂದದ್ದು ಆಗಸ್ಟಿನಲ್ಲಿ. ಆಕೆ ಮೊದಲು ಕಾಣಿಸಿಕೊಂಡಾಗ ದೆವ್ವದ ಸುಳಿವೇ ಇರಲಿಲ್ಲ, ಆದರೂ ಟಾಕೀಸಿನಲ್ಲಿ ಹೆಂಗಸರು ಚ್ಚು ಚ್ಚು ಅಂದರು. ‘ಹೋದಾಕಿ ಹೆಂಗ ನಗತಾಳ ನೋಡು’ ಎಂದು ದೊಡ್ಡವ್ವ ಕಣ್ಣೊರೆಸಿಕೊಂಡಳು. (ಆರು ವರ್ಷಕ್ಕೆ ಅದರ ಮುಂದಿನ ಭಾಗ ‘ಆಪ್ತರಕ್ಷಕ’ ಬಂದಾಗ ನಾಯಕ ವಿಷ್ಣುವರ್ಧನರೂ ಇರಲಿಲ್ಲ. ಅದನ್ನು ನೋಡಲು ದೊಡ್ಡವ್ವನೂ ಇರಲಿಲ್ಲ.)

‘ಆಪ್ತಮಿತ್ರ’ದ ಮೂಲವಾದ ಫಾಜಿಲರ ಮಲಯಾಳಂ ‘ಮಣಿಚಿತ್ರತ್ತಾಳ್’ನಲ್ಲಿ (1993) ನಾಯಕಿಯ ಮೈಮೇಲೆ ಬರುವ ನರ್ತಕಿ ನಾಗವಲ್ಲಿ ತಮಿಳಿನವಳು. ಪಿ. ವಾಸು ಕನ್ನಡಕ್ಕೆ ತಂದಾಗ ಆಕೆ ತೆಲುಗಿನವಳಾದಳು. ನಾಗವಲ್ಲಿ ಬಾಯಿ ಬಿಟ್ಟು ತೆಲುಗು ಮಾತಾಡಿದ್ದೇ ತಡ, ನಮ್ಮ ಹಿಂದಿನ ಸಾಲಿನ ಮುದುಕನೊಬ್ಬ ‘ಹಾಂ, ಈಗ ಬಂತು ನೋಡು ಖರೇ ದೆವ್ವ’ ಅಂದ. ಬೆಂಗಳೂರಿನವರಿಗೆ ಆ ಮಾತು ಹೊಸದಾಗಿ ಮೈ ಜುಮ್ಮೆನಿಸಿರಬಹುದು. ನಮಗೆ ಅದು ಹಳೆಯ ನೆಂಟಳ ದನಿ.

ವಿಷ್ಣುವರ್ಧನ್ ಡಾಕ್ಟರು ಇದು ದೆವ್ವವಲ್ಲ, ಮನಸ್ಸಿನ ರೋಗ ಎಂದು ಬಿಡಿಸಿ ಹೇಳುವಾಗ ದೊಡ್ಡವ್ವ ತಲೆಯಾಡಿಸಿದಳು. ಉಕ್ಕಡಗಾತ್ರಿಯ ಕಟ್ಟೆಯಲ್ಲಿ ಕೂತವಳಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೆ ಕೊನೆಗೆ, ತನ್ನ ಪ್ರಿಯಕರನನ್ನು ಕೊಂದ ರಾಜನ ಮೇಲೆ ನಾಗವಲ್ಲಿ ಸೇಡು ತೀರಿಸಿಕೊಳ್ಳಲು ಬಂದಾಗ, ಹಲಗೆ ತಿರುಗಿಸಿ, ಮನುಷ್ಯನ ಜಾಗಕ್ಕೆ ಗೊಂಬೆ ಇಟ್ಟು, ಆ ಗೊಂಬೆಯನ್ನು ಆಕೆಯ ಕೈಗೆ ಒಪ್ಪಿಸಿ, ತೀರಿತು ಎಂದು ನಂಬಿಸುತ್ತಾರಲ್ಲ, ಅಲ್ಲಿ ದೊಡ್ಡವ್ವ ಸಿಟ್ಟಾದಳು. ಟಾಕೀಸಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

‘ಇದೆಂಥಾದಲೇ ಯಪ್ಪಾ? ಬದುಕಿದ್ದಾಗ ಆ ರಾಜ ಮೋಸ ಮಾಡಿದ, ಸತ್ತ ಮ್ಯಾಲೆ ಇವ್ರು ಗೊಂಬಿ ಕೊಟ್ಟು ಮೋಸ ಮಾಡ್ಯಾರ. ಆಕಿಗೆ ನ್ಯಾಯ ಯಾವಾಗ?’

‘ದೊಡ್ಡವ್ವಾ, ಗೊಂಬಿ ಬದಲು ಮನುಷ್ಯಾನ್ನ ಕೊಡಾಕಾಗತೈತೇನು?’

‘ಯಾಕಾಗಾದುಲ್ಲ? ಸಿನಿಮಾ ಐತಲ್ಲ.’

ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಮಾತಾಡಲಿಲ್ಲ. ಮರುದಿನ ಸಂಜೆ ಕಟ್ಟೆಯ ಮೇಲೆ ಓಣಿಯ ಹೆಂಗಸರನ್ನು ಕೂರಿಸಿಕೊಂಡು ಸಿನಿಮಾ ಕತೆ ಹೇಳಿದಳು, ಎರಡು ತಾಸು. ಅರಮನೆ, ಮುಚ್ಚಿದ ಕೋಣೆ, ಹಾವು, ಗೆಜ್ಜೆ, ಎಲ್ಲವೂ ಇದ್ದ ಹಾಗೇ ಬಂದವು. ಡಾಕ್ಟರು ಬಂದ. ಗೊಂಬೆ ಮಾತ್ರ ಬರಲಿಲ್ಲ. ನಾಗವಲ್ಲಿ ಕತ್ತಿ ಎತ್ತಿದಳು, ರಾಜನ ರುಂಡ ಅಂಗಳಕ್ಕೆ ಉರುಳಿತು, ಆಕೆ ಸೆರಗು ಕೊಡವಿ ಮಲ್ಲಿಗೆ ಮುಡಿದು ಹೊರಟುಹೋದಳು. ಕೇಳಿದವರು ‘ಹಂಗಾಗಬೇಕು’ ಅಂದರು. ಹದಿನೈದು ದಿನ ಬಿಟ್ಟು ಪಕ್ಕದ ಮನೆಯಾಕೆ ಕೂಡ್ಲಿಗಿಗೆ ಹೋದವಳು ಅದೇ ಸಿನಿಮಾ ನೋಡಿಕೊಂಡು ಬಂದಳು. ನೆಟ್ಟಗೆ ನಮ್ಮ ಮನೆಗೇ ಬಂದು, ಚೀಲ ಇಳಿಸುವ ಮೊದಲೇ ಹೇಳಿದಳು: ‘ಅಲ್ಲಬೇ, ಸಿನಿಮಾದಾಗ ಕತಿ ತಪ್ಪು ತೋರಿಸ್ಯಾರ.’